ರೋಮಿನ ರಜೆ ಮತ್ತು ಗುಮಾಸ್ತನ ಗುಟ್ಟು

(ನಮ್ಮ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಪ್ರೇಮಕ್ಕೂ ಕರ್ತವ್ಯಕ್ಕೂ ನಡೆಯುವ ಜಗಳವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ನಗು ಬಂತು. ಕಾಳಿದಾಸನನ್ನು ಓದಿಕೊಂಡವರು ಈ ಮುಂಬಯಿಯಲ್ಲೇ ಬೇಕಾದಷ್ಟು ಮಂದಿ ಇರುವಾಗ, ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ನೋಟು ಎಣಿಸುವವನನ್ನು ಹಿಡಿದು ತಂದದ್ದೇಕೆ? ಲೆಕ್ಕ ತಪ್ಪಬಾರದೆಂದಿರಬೇಕು! ಇರಲಿ. ನಾನು ಮೆಚ್ಚಿದ ಒಂದು ಚಿತ್ರದ ಕಥೆ ಹೇಳುತ್ತೇನೆ. ನಡುವೆ ನನ್ನ ಮನೆಯ ಕಥೆಯೂ ನುಸುಳಿದರೆ ತಾವು ಕ್ಷಮಿಸಬೇಕು.

ಚಿತ್ರದ ಹೆಸರು 'ರೋಮನ್ ಹಾಲಿಡೇ'. 1953ರಲ್ಲಿ ವಿಲಿಯಂ ವೈಲರ್ ನಿರ್ದೇಶಿಸಿದ್ದು. ಸ್ವಾಗತ, ಭಾಷಣ, ಹಸ್ತಲಾಘವಗಳಿಂದ ಬೇಸತ್ತ ರಾಜಕುಮಾರಿ ಆನ್, ಒಂದು ರಾತ್ರಿ ರೋಮಿನ ದೂತಾವಾಸದಿಂದ ತಪ್ಪಿಸಿಕೊಳ್ಳುತ್ತಾಳೆ. ಔಷಧದ ಮಂಪರಿನಲ್ಲಿ ಬೀದಿಬದಿಯಲ್ಲಿ ಮಲಗಿದ್ದ ಅವಳನ್ನು ಜೋ ಬ್ರಾಡ್ಲಿ ಎಂಬ ಅಮೆರಿಕದ ಬಾತ್ಮೀದಾರ, ಯಾರೆಂದರಿಯದೆ, ತನ್ನ ಕೋಣೆಗೆ ಕರೆತರುತ್ತಾನೆ. ಅವಳಾಗಿ ಆಡ್ರಿ ಹೆಪ್‌ಬರ್ನ್, ಅವನಾಗಿ ಗ್ರೆಗರಿ ಪೆಕ್.

ಮರುದಿನದ ಕಚೇರಿಯ ದೃಶ್ಯವನ್ನು ನಾನು ಎಷ್ಟು ಸಲ ನೋಡಿದ್ದೇನೋ! ರಾಜಕುಮಾರಿಯ ಸಂದರ್ಶನಕ್ಕೆ ಹೋಗಬೇಕಾಗಿದ್ದ ಜೋ ಹೊತ್ತು ಮೀರಿ ನಿದ್ದೆಮಾಡಿ, ಸಂಪಾದಕನೆದುರು ಬಂದು ನಿಲ್ಲುತ್ತಾನೆ. ಹೋಗಿದ್ದೆ, ಇಂಥ ಪ್ರಶ್ನೆಗೆ ಇಂಥ ಉತ್ತರ ಬಂತು ಎಂದು ನೀರು ಕುಡಿದಂತೆ ಸುಳ್ಳು ಹೇಳುತ್ತಾನೆ. ಸಂಪಾದಕ ಎಲ್ಲವನ್ನೂ ಕೇಳಿ, ಆ ದಿನದ ಪತ್ರಿಕೆಯನ್ನು ಮುಂದಿಡುತ್ತಾನೆ: ರಾಜಕುಮಾರಿಗೆ ಅಸ್ವಸ್ಥತೆ, ಕಾರ್ಯಕ್ರಮಗಳೆಲ್ಲ ರದ್ದು! ತಡವಾಗಿ ಕಚೇರಿ ಸೇರಿ ಲೋಕಲ್ ಗಾಡಿಯ ಮೇಲೆ ತಪ್ಪು ಹೊರಿಸಿದ ಅಭ್ಯಾಸ ನಮ್ಮಲ್ಲಿ ಯಾರಿಗಿಲ್ಲ? ಆದರೆ ಜೋನ ಅದೃಷ್ಟ ನೋಡಿ. ಸುದ್ದಿಯ ಜೊತೆಗೆ ಚಿತ್ರವೂ ಅಚ್ಚಾಗಿದೆ. ಅದು ತನ್ನ ಕೋಣೆಯಲ್ಲಿ ಮಲಗಿರುವವಳದೇ ಮುಖ! ನಿಂತ ನಿಲುವಿನಲ್ಲೇ ಅವಳ ಕಥೆಗೆ 5,000 ಡಾಲರು ಬೆಲೆ ಕುದುರಿಸುತ್ತಾನೆ. ನಿನ್ನಿಂದಾಗದೆಂದು ಸಂಪಾದಕ 500 ಡಾಲರು ಪಂಥ ಕಟ್ಟುತ್ತಾನೆ.

ಹಗಲೆಲ್ಲ ಇಬ್ಬರೂ ಊರು ಸುತ್ತುತ್ತಾರೆ. ತಾನು ಶಾಲೆಯಿಂದ ಓಡಿಬಂದವಳೆಂದು ಅವಳು. ಗೊಬ್ಬರ, ರಾಸಾಯನಿಕ ಮಾರುವವನೆಂದು ಅವನು. ಗೊಬ್ಬರದ ವ್ಯಾಪಾರಿಗೆ ಒಲಿದಳಲ್ಲ, ಅದು ಪ್ರೇಮವಲ್ಲದೆ ಮತ್ತೇನು? ಅವನ ಛಾಯಾಗ್ರಾಹಕ ಮಿತ್ರ ಸಿಗರೇಟು ಹಚ್ಚುವ ಲೈಟರಿನೊಳಗೆ ಕ್ಯಾಮೆರಾ ಅಡಗಿಸಿಕೊಂಡು ಬೆನ್ನಿಗಿದ್ದಾನೆ. ರಾತ್ರಿ ಅವಳು ಮನೆತನವನ್ನೂ ನಾಡನ್ನೂ ನೆನೆದು ಹಿಂದಿರುಗುತ್ತಾಳೆ. ಜೋ ಸಂಪಾದಕನಿಗೆ, ನನ್ನಲ್ಲಿ ಕಥೆಯಿಲ್ಲ ಎನ್ನುತ್ತಾನೆ. ಚಿತ್ರಗಳು ಒಂದು ಲಕೋಟೆಯಲ್ಲಿ ಅವಳ ಕೈಗೇ ಸೇರುತ್ತವೆ.

ಈ ಕಥೆ ಬರೆದವನದೂ ಒಂದು ಗುಟ್ಟೇ. ರಾಜಕೀಯದ ಕಾರಣದಿಂದ ಹಾಲಿವುಡ್ಡಿನಲ್ಲಿ ಬಹಿಷ್ಕೃತನಾಗಿದ್ದ ಡಾಲ್ಟನ್ ಟ್ರಂಬೊನ ಬದಲಿಗೆ ಅವನ ಮಿತ್ರ ಇಯಾನ್ ಮೆಕ್ಲೆಲನ್ ಹಂಟರನ ಹೆಸರು ಬಂತು; ಆಸ್ಕರ್ ಪ್ರಶಸ್ತಿಯೂ ಆ ಹೆಸರಿಗೇ ಹೋಯಿತು. ಟ್ರಂಬೊ 1976ರಲ್ಲಿ ತೀರಿಕೊಂಡ. ಪ್ರಶಸ್ತಿ ಅವನ ಹೆಸರಿಗೆ ಸಂದದ್ದು 1993ರಲ್ಲಿ.

ಜೋನ ವೃತ್ತಿ ಬಯಲಿಗೆಳೆಯುವುದು, ನನ್ನದು ಮುಚ್ಚಿಡುವುದು. ರಾಷ್ಟ್ರೀಕೃತ ಬ್ಯಾಂಕುಗಳಿಗೆ ಸಂಬಂಧಿಸಿದ 1970ರ ಕಾಯಿದೆಯಲ್ಲೇ ಗಿರಾಕಿಯ ವ್ಯವಹಾರವನ್ನು ಗುಪ್ತವಾಗಿಡಬೇಕೆಂಬ ಕಟ್ಟಳೆಯಿದೆ. ಕೆಲಸಕ್ಕೆ ಸೇರುವಾಗ ನಾನೂ ಹಾಗೆಂದು ರುಜು ಹಾಕಿದ್ದೇನೆ. ರುಜು ಹಾಕುವಾಗ ಮದುವೆಯ ಯೋಚನೆ ಯಾರಿಗಿರುತ್ತದೆ!

ನನಗೆ ಹುಡುಗಿ ಒಪ್ಪಿಗೆ, ಹುಡುಗಿಗೆ ನಾನು ಒಪ್ಪಿಗೆ. ಆದರೆ ಅವಳ ಅಕ್ಕನ ಮದುವೆ ಮೊದಲಾಗಬೇಕು. ಅಕ್ಕನಿಗೆ ನೋಡಿದ್ದ ವರನ ಖಾತೆ ನಮ್ಮ ಶಾಖೆಯಲ್ಲಿದೆಯೆಂದು ಅವರ ತಂದೆಗೆ ಹೇಗೋ ತಿಳಿಯಿತು. ಒಂದು ಸಂಜೆ ಕಾಫಿ ಕೊಡಿಸಿ, "ಎಷ್ಟಿದೆ, ಒಂದಿಷ್ಟು ನೋಡಿ ಹೇಳಿಬಿಡಿ. ಅಕ್ಕನದಾಗದೆ ತಂಗಿಯದು ಹೇಗೆ ಮಾಡಲಿ?" ಎಂದರು.

"ಅದೊಂದು ಆಗದು, ಮಾವನವರೆ."

"ಮಾವ ಎನ್ನುವುದಕ್ಕೆ ಇನ್ನೂ ಕಾಲವಿದೆ," ಎಂದು ಎದ್ದುಹೋದರು.

ನಾಲ್ಕು ಗುಂಡಿ ಒತ್ತಿದರೆ ಪರದೆಯ ಮೇಲೆ ಬರುವ ಅಂಕಿ ಅದು. ಆ ವಾರವೆಲ್ಲ ನನ್ನ ಬೆರಳಿಗೆ ನಾನೇ ಕಾವಲು ಕುಳಿತೆ. ಅವಳಾದರೂ ಮೆಚ್ಚುವಳೆಂದುಕೊಂಡೆ, ಅವಳು ಎಂಟು ದಿನ ಫೋನು ಎತ್ತಲಿಲ್ಲ. ಒಂಬತ್ತನೆಯ ದಿನ ತಾನೇ ಮಾಡಿ, "ಅಪ್ಪನಿಗೆ ಹೇಳಬೇಡಿ, ನನಗೊಬ್ಬಳಿಗೆ ಹೇಳಿ," ಎಂದಳು! ಆಗಲೂ ನಾನು ಬಾಯಿಬಿಡಲಿಲ್ಲ. ಜೋನಿಗೆ ವೃತ್ತಿಯನ್ನು ಬಿಟ್ಟರೆ ಪ್ರೇಮದ ಮಾನ ಉಳಿಯುವಂತಿತ್ತು; ನನಗೆ ವೃತ್ತಿಯನ್ನು ಹಿಡಿದರೆ ಹುಡುಗಿಯೇ ಕೈತಪ್ಪುವಂತಿತ್ತು. ಮೂರು ತಿಂಗಳು ಹೀಗೇ ಕಳೆಯಿತು.

ಕೊನೆಗೆ ಮಾವನವರು ತಡೆಯಲಾರದೆ ನೆಟ್ಟಗೆ ವರನನ್ನೇ ಕೇಳಿದರಂತೆ. ಆತ ನಗುತ್ತ ಪಾಸ್‌ಬುಕ್ ತಂದು ಅವರ ಕೈಗೇ ಕೊಟ್ಟನಂತೆ. ಒಂದೇ ಚಪ್ಪರದಲ್ಲಿ ಎರಡೂ ಮದುವೆಗಳಾದವು.

ಆ ನನ್ನ ಷಡ್ಡಕರು ಇಲ್ಲೇ ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಅನುಮತಿ ಪಡೆದೇ ಇಷ್ಟನ್ನು ಹೇಳಿದೆ. ಪಾಸ್‌ಬುಕ್ಕಿನಲ್ಲಿ ಎಷ್ಟಿತ್ತೆಂದು ಕಾಫಿಯ ವೇಳೆಯಲ್ಲಿ ತಾವು ಅವರನ್ನೇ ಕೇಳಬಹುದು. ನನ್ನ ಹೆಂಡತಿಯನ್ನು ಕೇಳಿ ಪ್ರಯೋಜನವಿಲ್ಲ. ಅವಳು ಇಂದಿಗೂ ನನ್ನನ್ನೇ ಕೇಳುತ್ತಿದ್ದಾಳೆ.