ಗಾರೆ ಕೆಲಸ: ನಮ್ಮ ಯುವಕರ ಮುಂದಿನ ದಾರಿ

(ಅಗರದಲ್ಲಿ ವಿದ್ಯಾರ್ಥಿಗಳ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ಇಂತಹ ಸಭೆಗಳಲ್ಲಿ ಡಾಕ್ಟರ್, ಇಂಜಿನಿಯರ್, ಐ.ಎ.ಎಸ್. ಎಂದು ಮಾತನಾಡುವುದು ವಾಡಿಕೆ. ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಕೊಳ್ಳೇಗಾಲದ ಬಸ್ಸಿಗೆ ಕಾಯುವ ಹುಡುಗರ ಬಗ್ಗೆ ಯಾರೂ ಮಾತನಾಡುವುದಿಲ್ಲ. ಅವರಲ್ಲಿ ಹಲವರು ನಿಮ್ಮ ಅಣ್ಣಂದಿರು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ನಾನೂ ಎರಡು ವರ್ಷ ಗಾರೆ ಕೆಲಸದಲ್ಲಿ ಕೈಯಾಳಾಗಿದ್ದೆ. ನಂತರ ಐ.ಟಿ.ಐ. ಮುಗಿಸಿ ಈಗ ವೈರಿಂಗ್ ಕೆಲಸ ಮಾಡಿಸುತ್ತಿದ್ದೇನೆ. ಆದ್ದರಿಂದ ಇಂದು ನನಗೆ ಗೊತ್ತಿರುವುದನ್ನೇ ಹೇಳುತ್ತೇನೆ.

ನಮ್ಮ ಭಾಗದಲ್ಲಿ ಕಟ್ಟಡದ ಕೆಲಸಕ್ಕೆ ಕೊರತೆಯಿಲ್ಲ. ಕೊಳ್ಳೇಗಾಲ, ಯಳಂದೂರು, ಹನೂರುಗಳಲ್ಲಿ ಮನೆಗಳು ಏಳುತ್ತಿವೆ. ಚಾಮರಾಜನಗರದ ಬಳಿ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ. ಅತ್ತ ನಂಜನಗೂಡು, ಮೈಸೂರು, ದೂರಕ್ಕೆ ಹೋದರೆ ಬೆಂಗಳೂರು. ಆದರೆ ಯಾವ ಕೆಲಸ ಉಳಿಯುತ್ತದೆ ಎಂಬುದನ್ನು ನೋಡಿ. ಹಿಂದೆ ಪಾಯ ತೋಡಲು ಹತ್ತಾಳು ಬೇಕಿತ್ತು, ಈಗ ಜೆ.ಸಿ.ಬಿ. ಬರುತ್ತದೆ. ತಾರಸಿ ಹಾಕುವ ದಿನ ಬಾಂಡ್ಲಿ ಹೊರಲು ಸಾಲಾಗಿ ಜನ ನಿಲ್ಲುತ್ತಿದ್ದರು, ಈಗ ಮಿಕ್ಸರ್ ಜೊತೆಗೆ ಲಿಫ್ಟ್ ಬಂದಿದೆ. ನಗರಗಳಲ್ಲಿ ಸಿದ್ಧ ಕಾಂಕ್ರೀಟ್ ಪಂಪಿನಲ್ಲೇ ಮೇಲೇರುತ್ತದೆ. ಯಂತ್ರ ಮೊದಲು ಕಸಿಯುವುದು ಕೈಯಾಳಿನ ಕೂಲಿಯನ್ನು. ಟೈಲ್ಸ್ ಕೂರಿಸುವವನು, ಪ್ಲಂಬರ್, ವೈರಿಂಗ್ ಮಾಡುವವನು ಇವರಿಗೆ ಬೇಡಿಕೆ ಇದ್ದೇ ಇದೆ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆಗಳ ಮೇಲೆ ಸೌರ ಫಲಕ. ಅದನ್ನು ಜೋಡಿಸಲೂ ಕಲಿತ ಕೈಗಳೇ ಬೇಕು.

ಯಳಂದೂರಿನ ಬಳೆ ಮಂಟಪವನ್ನು ನೀವೆಲ್ಲ ನೋಡಿದ್ದೀರಿ. ಕಲ್ಲಿನಲ್ಲಿ ಬಳೆ ಕೊರೆದವರೂ ನಮ್ಮಂತೆ ಕೈಯಿಂದ ದುಡಿದವರೇ. ಕೈಕೆಲಸ ಕೀಳಲ್ಲ. ಕಸುಬು ಕಲಿಯದೆ ಹತ್ತು ವರ್ಷ ಮಣ್ಣು ಹೊರುವುದೇ ನಷ್ಟ.

ವಿದ್ಯಾರ್ಥಿಗಳೇ, ಎಸ್.ಎಸ್.ಎಲ್.ಸಿ. ಪಾಸಾದವರು ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಓದಲು 2 ವರ್ಷ ಸಾಕು, ಪ್ಲಂಬರ್ ತರಬೇತಿಗೆ 1 ವರ್ಷ. "ಅಷ್ಟು ದಿನ ಮನೆ ನಡೆಯುವುದು ಹೇಗೆ?" ಎಂದು ತಾಯಂದಿರು ಕೇಳುತ್ತಾರೆ. ನನ್ನ ತಾಯಿಯೂ ಕೇಳಿದ್ದರು. ನಾನು ಭಾನುವಾರ ಮತ್ತು ರಜೆಯಲ್ಲಿ ಗಾರೆ ಕೆಲಸಕ್ಕೆ ಹೋಗಿಯೇ ಓದಿದೆ. ಕಷ್ಟವಾಯಿತು, ಆದರೆ ಆಯಿತು. ಈಗಾಗಲೇ ಗಾರೆ ಮೇಸ್ತ್ರಿಗಳಾಗಿರುವವರು 2023ರ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯನ್ನು ವಿಚಾರಿಸಿರಿ. ಅದರ 18 ಕಸುಬುಗಳಲ್ಲಿ ಗಾರೆ ಕೆಲಸವೂ ಇದೆ. ತರಬೇತಿಯ ದಿನಗಳಿಗೆ ಭತ್ಯೆ, ಉಪಕರಣಗಳಿಗೆ 15,000 ರೂ.ವರೆಗೆ ನೆರವು ಇದೆ.

ಕೊಲ್ಲಿ ರಾಷ್ಟ್ರಗಳ ಆಸೆ ಇರುವವರಿಗೆ ಒಂದು ಮಾತು. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ 30,000 ರೂ. ಮತ್ತು ಜಿ.ಎಸ್.ಟಿ. ಮಾತ್ರ. ಲಕ್ಷ ಕೇಳುವವನ ಕೈಗೆ ಪಾಸ್‌ಪೋರ್ಟ್ ಕೊಡಬೇಡಿ.

ಕೊನೆಯದಾಗಿ, ನೋವಿನ ಸಂಗತಿ. ನಮ್ಮ ಚಾಚಾ ಒಮ್ಮೆ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡರು. ಇಪ್ಪತ್ತು ವರ್ಷ ದುಡಿದಿದ್ದರೂ ಅವರ ಬಳಿ ಕಾರ್ಮಿಕ ಕಾರ್ಡ್ ಇರಲಿಲ್ಲ. ಗುತ್ತಿಗೆದಾರರು ಒಂದು ವಾರದ ಬಟವಾಡೆ ಕೊಟ್ಟು ಕೈತೊಳೆದುಕೊಂಡರು. ಚಾಚಿ ಓಲೆ ಮಾರಿ ಆಸ್ಪತ್ರೆಯ ಬಿಲ್ ಕಟ್ಟಿದರು. ಕಟ್ಟಡಗಳ ವೆಚ್ಚದಲ್ಲಿ ಶೇ. 1ರಷ್ಟು ಸೆಸ್ ಪಡೆದು ಕಾರ್ಮಿಕರಿಗೆ ನೆರವಾಗಲೆಂದೇ 1996ರಲ್ಲಿ ಕಾಯ್ದೆ ಬಂದಿತು. 2007ರಲ್ಲಿ ನಮ್ಮ ರಾಜ್ಯದಲ್ಲಿ ಕಲ್ಯಾಣ ಮಂಡಳಿಯೂ ಆಯಿತು. 18ರಿಂದ 60 ವರ್ಷದೊಳಗಿನವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ ನೋಂದಾಯಿಸಿಕೊಳ್ಳಬಹುದು. ಕೈಯಾಳುಗಳಿಗೂ, ಹೆಂಗಸರಿಗೂ ಇದು ಅನ್ವಯಿಸುತ್ತದೆ. ಅಪಘಾತಕ್ಕೆ ನೆರವು, ಮಕ್ಕಳ ಓದಿಗೆ ಸಹಾಯಧನ, 60ರ ನಂತರ ಪಿಂಚಣಿ ನಿಯಮದಂತೆ ದೊರೆಯುತ್ತವೆ. ಆ ಹಣ ನಮ್ಮ ಬೆವರಿನದು, ಯಾರ ದಾನವೂ ಅಲ್ಲ.

ಆದುದರಿಂದ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಇಂದು ಮನೆಗೆ ಹೋಗಿ ಅಬ್ಬಾ, ಅಣ್ಣ, ಮಾಮುಗಳ ಕಾರ್ಡ್ ಇದೆಯೇ, ನವೀಕರಣ ಆಗಿದೆಯೇ ಎಂದು ಕೇಳಿರಿ. ಇಲ್ಲದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಅವರ ಕೆಲಸದ ದಿನ, ಸ್ಥಳ, ಮೇಸ್ತ್ರಿಯ ಹೆಸರು ಬರೆದಿಡಿ, ಅರ್ಜಿಯನ್ನು ನೀವೇ ತುಂಬಿರಿ. ಸಂಘದ ಹಿರಿಯರು ತಿಂಗಳಿಗೊಂದು ಭಾನುವಾರ ಇದಕ್ಕಾಗಿ ಕಚೇರಿ ತೆರೆದಿಟ್ಟರೆ ನಾನೂ ಬಂದು ಕೂರುತ್ತೇನೆ.