ಕಟ್ಟಡ ನಮ್ಮದು, ಶಾಲೆ ಊರಿನದು
(ಶತಮಾನೋತ್ಸವದ ಸಾರ್ವಜನಿಕ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಕೃತಜ್ಞತೆಯ ಕಾಣಿಕೆಯೊಂದು ಸಂಗ್ರಹವಾಗಿದೆ. ಬಡ ಹಳ್ಳಿಗಳಲ್ಲಿ ಶಾಲೆ ಕಟ್ಟುವ ಸೇವಾಸಂಸ್ಥೆಯೊಂದಕ್ಕೆ ಅದನ್ನು ಅರ್ಪಿಸಬೇಕೆಂದು ತಮ್ಮಲ್ಲಿ ಅನೇಕರು ಸೂಚಿಸಿದ್ದೀರಿ. ಈ ಸಲಹೆಯನ್ನು ನಾನು ಹೃತ್ಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಕೊಡುವ ಮೊದಲು ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿದ್ದೆ. ತೋಟದ ಕೂಲಿಕಾರರ ಮಕ್ಕಳಿಗಾಗಿ ಪಟ್ಟಣದ ದಾನಿಗಳಿಂದ ಹಣ ಕೂಡಿಸಿ ಎರಡು ಕೊಠಡಿಗಳನ್ನು ಕಟ್ಟಿಸಿದೆ. ದಾನಿಗಳ ಹೆಸರು ಕೆತ್ತಿದ ಅಮೃತಶಿಲೆಯ ಫಲಕವನ್ನೂ ಇಡಿಸಿದೆ. ಉಪಾಧ್ಯಾಯರನ್ನು ನೇಮಿಸುವವರು ಯಾರು, ಸಂಬಳ ಕೊಡುವವರು ಯಾರು, ಬಾವಿ ಬತ್ತಿದಾಗ ನೀರೆಲ್ಲಿಂದ ಎಂಬುದನ್ನು ನಾನು ವಿಚಾರಿಸಲಿಲ್ಲ. ಊರವರನ್ನಂತೂ ಒಂದು ಮಾತೂ ಕೇಳಲಿಲ್ಲ. ವರ್ಗವಾಗಿ ಹೋದ ಕೆಲವು ವರ್ಷಗಳ ನಂತರ ಆ ದಾರಿಯಾಗಿ ಬಂದಾಗ ಒಂದು ಕೊಠಡಿಗೆ ಬೀಗ ಬಿದ್ದಿತ್ತು, ಇನ್ನೊಂದರಲ್ಲಿ ಸೌದೆ ಒಟ್ಟಿತ್ತು. ಫಲಕ ಮಾತ್ರ ಹೊಳೆಯುತ್ತಿತ್ತು. ಅಲ್ಲಿದ್ದ ವೃದ್ಧರೊಬ್ಬರು, "ಫಾದರ್, ನಿಮ್ಮ ಶಾಲೆ ಮುಚ್ಚಿಹೋಯಿತು" ಎಂದರು. "ನಿಮ್ಮ ಶಾಲೆ" ಎಂಬ ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತಿದೆ. ಅದು ಎಂದೂ ಅವರ ಶಾಲೆಯಾಗಿರಲಿಲ್ಲ.

ಶಾಲೆಯನ್ನು ಊರಿನದಾಗಿಸುವ ಬಗೆ ಯಾವುದು? ಇತಿಹಾಸದಲ್ಲಿ ಇದಕ್ಕೊಂದು ದೃಷ್ಟಾಂತವಿದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಅಳಿದ ಮೇಲೂ ಕಪ್ಪು ಜನರ ಮಕ್ಕಳಿಗೆ ಬಿಳಿಯರ ಶಾಲೆಗಳಲ್ಲಿ ಪ್ರವೇಶವಿರಲಿಲ್ಲ. ಗುಲಾಮರಾಗಿಯೇ ಹುಟ್ಟಿ ಟಸ್ಕೀಗಿಯ ವಿದ್ಯಾಸಂಸ್ಥೆಯನ್ನು ಬೆಳೆಸಿದ ಬೂಕರ್ ಟಿ. ವಾಷಿಂಗ್ಟನ್ನರು 1912ರಲ್ಲಿ, ಷಿಕಾಗೋದ ವರ್ತಕ ಜೂಲಿಯಸ್ ರೋಸೆನ್‌ವಾಲ್ಡರು ಕೊಟ್ಟ ದಾನದ ಒಂದಂಶದಿಂದ ಅಲಬಾಮಾದ ಹಳ್ಳಿಗಳಲ್ಲಿ ಆರು ಶಾಲೆಗಳಿಗೆ ನಾಂದಿ ಹಾಡಿದರು. ಕೆಲಸ ಬೆಳೆದಂತೆ ನಿಯಮವೊಂದು ನೆಲೆಯಾಯಿತು: ದಾನಿ ವೆಚ್ಚದ ಒಂದು ಭಾಗವನ್ನಷ್ಟೇ ಕೊಡುವರು, ಊರವರು ತಮ್ಮ ಪಾಲು ಸೇರಿಸಬೇಕು, ಸರ್ಕಾರದ ಶಿಕ್ಷಣ ಮಂಡಲಿಯೂ ಹಣ ಕೊಟ್ಟು ಶಾಲೆಯನ್ನು ತನ್ನದಾಗಿ ವಹಿಸಿಕೊಳ್ಳಬೇಕು. ಹಣವಿಲ್ಲದವರು ಭೂಮಿ ಕೊಟ್ಟರು, ಮರ ಕೊಟ್ಟರು, ಮೈಮುರಿದು ದುಡಿದರು. 1932ರ ವೇಳೆಗೆ 15 ರಾಜ್ಯಗಳಲ್ಲಿ ಸುಮಾರು 5,000 ಶಾಲೆಗಳು ಎದ್ದು ನಿಂತವು. ಆ ಬಡವರು ನೀಡಿದ್ದು ಸುಮಾರು 47 ಲಕ್ಷ ಡಾಲರು; ಶ್ರೀಮಂತ ದಾನಿಯ ನಿಧಿ ಕೊಟ್ಟದ್ದಕ್ಕಿಂತ ಅದು ಹೆಚ್ಚು!

ಆದರೆ ತೆರಿಗೆ ತೆತ್ತ ಬಡವರೇ ಮತ್ತೆ ವಂತಿಗೆಯನ್ನೂ ತೆರಬೇಕಾದದ್ದು ನ್ಯಾಯವಲ್ಲ. ಆದುದರಿಂದ ಹಸಿದವನ ಜೇಬಿಗೆ ಕೈ ಹಾಕಿರೆಂದು ನಾನು ಹೇಳುತ್ತಿಲ್ಲ. ಶಾಲೆ ಎಲ್ಲಿರಬೇಕು, ಹೇಗಿರಬೇಕು ಎಂದು ನಿರ್ಧರಿಸುವಲ್ಲಿ ಅವನ ಮಾತಿಗೆ ಬೆಲೆಯಿರಲಿ ಎಂಬುದಷ್ಟೇ ನನ್ನ ಅರಿಕೆ.

ಅಷ್ಟು ದೂರವೇಕೆ? ಮಂಗಳೂರಿನ ಬೀದಿಗಳಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರನ್ನು ತಾವು ಬಲ್ಲಿರಿ. ವಿದೇಶೀಯರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾರದೆ ನೊಂದ ಅವರು, ತಮ್ಮೂರಿನ ಮಕ್ಕಳಿಗೆ ಆ ಪಾಡು ಬೇಡವೆಂದು ಪಣ ತೊಟ್ಟರು. ನ್ಯೂಪಡ್ಪಿನ ಮಸೀದಿಯ ಮದರಸದಲ್ಲಿ ಮೊದಲುಗೊಂಡ ಆ ಪುಟ್ಟ ಶಾಲೆ, ಅವರ ಉಳಿತಾಯದಿಂದಲೂ ದಾನಿಗಳ ನೆರವಿನಿಂದಲೂ ಸ್ವಂತ ನೆಲದ ಮೇಲೆ ನಿಂತು, ಸರ್ಕಾರಿ ಶಾಲೆಯಾಗಿ ಪ್ರೌಢಶಾಲೆಯವರೆಗೆ ಬೆಳೆಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರು ಕಟ್ಟಡ ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ಕಚೇರಿಯಿಂದ ಕಚೇರಿಗೆ ಅಲೆದು, ಮಂಜೂರಾತಿಗಾಗಿ ವರ್ಷಗಟ್ಟಲೆ ಕಾದರು. ಶಾಲೆಯನ್ನು ಉಳಿಸಿದ್ದು ಆ ಅಲೆದಾಟ.

ಶಾಲೆ ನಡೆಸುವುದು ಸರ್ಕಾರದ ಹೊಣೆಯಲ್ಲವೇ, ನಮ್ಮ ದಾನವೇಕೆ ಎಂದು ಕೆಲವರು ಕೇಳಬಹುದು. ಹೊಣೆ ಸರ್ಕಾರದ್ದೇ. 2009ರ ಶಿಕ್ಷಣ ಹಕ್ಕು ಕಾಯಿದೆಯು ಒಬ್ಬೊಬ್ಬ ಉಪಾಧ್ಯಾಯರಿಗೆ ಒಂದೊಂದು ಕೊಠಡಿ, ಶುದ್ಧ ಕುಡಿಯುವ ನೀರು, ಹುಡುಗಿಯರಿಗೂ ಹುಡುಗರಿಗೂ ಪ್ರತ್ಯೇಕ ಶೌಚಾಲಯ ಇರಬೇಕೆಂದು ವಿಧಿಸಿದೆ. ನಮ್ಮ ದಾನ ಆ ಹೊಣೆಯನ್ನು ಕಿತ್ತುಕೊಳ್ಳದೆ, ಅದನ್ನು ನೆನಪಿಸುವ, ಕೊರತೆಯನ್ನು ತುಂಬುವ ದಾನವಾಗಲಿ.

ಆದುದರಿಂದ ಹಣ ಕೊಡುವ ಮುನ್ನ ಸಂಸ್ಥೆಯವರನ್ನು ನಾಲ್ಕು ಮಾತು ಕೇಳೋಣ. ಈ ಶಾಲೆ ಬೇಕೆಂದವರು ಊರವರೋ, ನೀವೋ? ಭೂಮಿಯ ದಾಖಲೆ ಯಾರ ಹೆಸರಿನಲ್ಲಿದೆ? ಉಪಾಧ್ಯಾಯರ ಸಂಬಳ ಎಲ್ಲಿಂದ ಬರುತ್ತದೆ? ಐದು ವರ್ಷಗಳ ಹಿಂದೆ ನೀವು ಕಟ್ಟಿದ ಶಾಲೆಯನ್ನು ನಮಗೆ ತೋರಿಸುವಿರಾ? ಹೊಸ ಕಟ್ಟಡದ ಉದ್ಘಾಟನೆಯ ಛಾಯಾಚಿತ್ರಕ್ಕಿಂತ ಹಳೆಯ ಶಾಲೆಯ ಹಾಜರಿ ಪುಸ್ತಕ ಹೆಚ್ಚು ಸತ್ಯ ನುಡಿಯುತ್ತದೆ.

ಕೊನೆಯದಾಗಿ ನನ್ನದೊಂದು ವಿನಂತಿ. ಸಂಗ್ರಹವಾದ ಕಾಣಿಕೆಯ ಅರ್ಧವನ್ನು ಮಾತ್ರ ಕಟ್ಟಡಕ್ಕೆ ಕೊಡೋಣ. ಉಳಿದರ್ಧವನ್ನು ಮುಂದಿನ ವರ್ಷಗಳ ಹಂಚು, ನೀರು, ಪುಸ್ತಕಗಳಿಗಾಗಿ ಕಾದಿರಿಸೋಣ. ನಮ್ಮ ಹೆಸರಿನ ಫಲಕ ಬೇಡ. ಮುಂದೊಂದು ದಿನ ನಮ್ಮವರಾರಾದರೂ ಆ ದಾರಿಯಾಗಿ ಹೋದಾಗ, ಅಲ್ಲಿನ ವೃದ್ಧರೊಬ್ಬರು "ಇದು ನಮ್ಮ ಶಾಲೆ" ಎಂದು ತೋರಿಸಿದರೆ, ಈ ಶತಮಾನೋತ್ಸವಕ್ಕೆ ಅದಕ್ಕಿಂತ ಮಿಗಿಲಾದ ಸ್ಮಾರಕ ಬೇರೊಂದಿಲ್ಲ.

ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ.