ಯಕೃತ್ತಿನಲ್ಲಿ ಬರ, ಹೊರಗೆ ನೆರೆ



ದೇಹದ ಒಂದು ವಸ್ತುವಿಗೆ ಒಳ್ಳೆಯದು, ಕೆಟ್ಟದ್ದು ಎಂಬ ಹಣೆಪಟ್ಟಿ ಹಚ್ಚಿದರೆ ವೈದ್ಯರು ಹೇಗೆ ಎಡವುತ್ತಾರೆ ಎಂಬುದಕ್ಕೆ ನೈಟ್ರಿಕ್ ಆಕ್ಸೈಡ್‌ನ ಕಥೆ ಸಾಕು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಧಮನಿಯ ತುಣುಕುಗಳೊಂದಿಗೆ ವರ್ಷಗಟ್ಟಲೆ ಗುದ್ದಾಡಿದವರು. ಅಸಿಟೈಲ್‌ಕೋಲಿನ್ ಹಾಕಿದರೆ ತುಣುಕು ಬಿಗಿಯುತ್ತಿತ್ತು. ಜೀವಂತ ಪ್ರಾಣಿಯಲ್ಲಾದರೋ ಅದೇ ರಾಸಾಯನಿಕದಿಂದ ನಾಳ ಸಡಿಲವಾಗುತ್ತಿತ್ತು. ಗುಟ್ಟು ಇದ್ದದ್ದು ತುಣುಕು ಸಿದ್ಧಪಡಿಸುವ ರೀತಿಯಲ್ಲಿ. ಒಳಮೈ ಉಜ್ಜಿಹೋದರೆ ಒಂದೇ ಕೋಶದಷ್ಟು ದಪ್ಪದ ಪದರ, ಎಂಡೋಥೀಲಿಯಂ, ಕಳಚಿಬಿಡುತ್ತಿತ್ತು. ಅದು ಉಳಿದರೆ ನಾಳ ಸಡಿಲ, ಹೋದರೆ ಬಿಗಿ. ಇದು ಪ್ರಕಟವಾದದ್ದು 1980ರಲ್ಲಿ. ಆ ಪದರ ಸೂಸುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನೇ ಎಂದು 1987ರಲ್ಲಿ ಖಚಿತವಾಯಿತು. 1998ರಲ್ಲಿ ಈ ಅನಿಲದ ಸಂಶೋಧನೆಗೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಮೂವರಿಗೆ ನೊಬೆಲ್ ಬಂತು. ಇದೇ ಸಂಶೋಧನೆಯಲ್ಲಿ ಇಂಗ್ಲೆಂಡಿನಲ್ಲಿ ದುಡಿದ ಸಾಲ್ವಡಾರ್ ಮೊಂಕಾಡಾ ಅವರನ್ನು ಕೈಬಿಟ್ಟದ್ದು ನನಗಂತೂ ಸರಿಯೆನಿಸಿಲ್ಲ.

ಅರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ಹುಟ್ಟುವ ಈ ಅನಿಲದ ಆಯುಸ್ಸು ಕೆಲವೇ ಸೆಕೆಂಡು. ಪಕ್ಕದ ಸ್ನಾಯುಕೋಶವನ್ನು ಸಡಿಲಿಸಿ ಮುಗಿದುಹೋಗುತ್ತದೆ. ಆದ್ದರಿಂದ ಎಷ್ಟು ಹುಟ್ಟಿತು ಎನ್ನುವಷ್ಟೇ ಎಲ್ಲಿ ಹುಟ್ಟಿತು ಎನ್ನುವುದೂ ಮುಖ್ಯ.

ಸಿರೋಸಿಸ್ ರೋಗಿಯ ದೇಹ ನೋಡಿ. ಕಲೆಗಟ್ಟಿದ ಯಕೃತ್ತಿನೊಳಗೆ ಎಂಡೋಥೀಲಿಯಂ ಸೊರಗಿ ನೈಟ್ರಿಕ್ ಆಕ್ಸೈಡ್‌ಗೆ ಬರ. ಸೂಕ್ಷ್ಮನಾಳಗಳು ಬಿಗಿಯುತ್ತವೆ, ಕರುಳಿನಿಂದ ರಕ್ತ ತರುವ ಪೋರ್ಟಲ್ ಅಭಿಧಮನಿಯಲ್ಲಿ ಒತ್ತಡ ಏರುತ್ತದೆ. ಯಕೃತ್ತಿನ ಆಚೀಚೆಯ ಒತ್ತಡದ ಅಂತರ ಸಹಜವಾಗಿ 1ರಿಂದ 5 ಮಿ.ಮೀ. ಪಾದರಸ, 10 ಮುಟ್ಟಿದರೆ ಜಲೋದರದಂಥ ತೊಡಕುಗಳ ಭಯ, 12 ದಾಟಿದರೆ ಅನ್ನನಾಳದ ಉಬ್ಬಿದ ನಾಳಗಳು ಒಡೆದು ರಕ್ತ ಕಾರುವ ಭಯ. ಅತ್ತ ಕರುಳಿನ ಧಮನಿಗಳಲ್ಲಿ ಅದೇ ಅನಿಲದ ನೆರೆ. ಅವು ಹಿಗ್ಗಿ ಇನ್ನಷ್ಟು ರಕ್ತವನ್ನು ಯಕೃತ್ತಿನತ್ತ ನೂಕುತ್ತವೆ. ಒಟ್ಟು ರಕ್ತದೊತ್ತಡ ಮಾತ್ರ ಕುಸಿಯುತ್ತದೆ. ಮೂತ್ರಪಿಂಡ ಗಾಬರಿಬಿದ್ದು ಉಪ್ಪು, ನೀರು ಹಿಡಿದಿಡುತ್ತದೆ. ಹೊಟ್ಟೆ ಊದುವುದು ಹೀಗೆ. ಕರುಳಿನಿಂದ ಸೋರುವ ಬ್ಯಾಕ್ಟೀರಿಯಾದ ವಿಷವೇ ಈ ನೆರೆಗೆ ಕಾರಣವಿರಬಹುದೆಂದು 1991ರಲ್ಲಿ ಸೂಚಿಸಿದವರು ವ್ಯಾಲನ್ಸ್ ಮತ್ತು ಅದೇ ಮೊಂಕಾಡಾ.

ಸೋಂಕು ಮಿತಿಮೀರಿದ ಸೆಪ್ಸಿಸ್‌ನಲ್ಲಿ ಆ ವಿಷದ ಆಟ ಇಡೀ ದೇಹಕ್ಕೆ ಹಬ್ಬುತ್ತದೆ. ಸೋಂಕಿಗೆ ಸಿಕ್ಕ ಕೋಶಗಳು ಈ ಅನಿಲವನ್ನು ತಯಾರಿಸುವ ಬೇರೊಂದು ಕಿಣ್ವವನ್ನು ಎಬ್ಬಿಸುತ್ತವೆ. ಎಂಡೋಥೀಲಿಯಂನ ಕಿಣ್ವ ಹನಿಹನಿಯಾಗಿ ಸೂಸಿದರೆ ಇದು ತಾಸುಗಟ್ಟಲೆ ಸುರಿಯುತ್ತದೆ, ನಾಳಗಳು ಜೋತುಬೀಳುತ್ತವೆ. ಹಾಗಿದ್ದರೆ ಅನಿಲದ ತಯಾರಿಕೆಯನ್ನೇ ನಿಲ್ಲಿಸೋಣವೆಂದು ಸಂಶೋಧಕರು ಹೊರಟರು. ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದ, ಅಂದರೆ ಸೆಪ್ಟಿಕ್ ಶಾಕ್‌ನ, 797 ರೋಗಿಗಳ ಮೇಲೆ ಅಂಥ ಔಷಧವನ್ನು ಪರೀಕ್ಷಿಸಿದ ವರದಿ 2004ರಲ್ಲಿ ಬಂತು. ರಕ್ತದೊತ್ತಡ ಏರಿತು, ಸಾವೂ ಏರಿತು: 28 ದಿನಗಳಲ್ಲಿ ಔಷಧ ಪಡೆದವರಲ್ಲಿ ಶೇ. 59, ಪಡೆಯದವರಲ್ಲಿ ಶೇ. 49. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಆ ಔಷಧ ಎರಡೂ ಕಿಣ್ವಗಳ ಬಾಯಿ ಮುಚ್ಚಿಸಿತ್ತು. ಮಾನಿಟರಿನ ಅಂಕಿ ಸುಧಾರಿಸಿದ್ದನ್ನು ರೋಗಿ ಸುಧಾರಿಸಿದನೆಂದು ನಂಬುವ ನಮ್ಮ ಚಟಕ್ಕೆ ಇದಕ್ಕಿಂತ ದುಬಾರಿ ಪಾಠ ಬೇಕಿಲ್ಲ. ಇಂದಿಗೂ ಐಸಿಯುನಲ್ಲಿ ಮೊದಲ ಆಸರೆ ಆ್ಯಂಟಿಬಯಾಟಿಕ್, ದ್ರವ, ನಾಳ ಬಿಗಿಯುವ ನಾರ್‌ಅಡ್ರಿನಲಿನ್. ಪೋರ್ಟಲ್ ಒತ್ತಡಕ್ಕೆ ಪ್ರೊಪ್ರನೊಲಾಲ್, ಕಾರ್ವೆಡಿಲಾಲ್‌ನಂಥ ಹಳೆಯ ಮಾತ್ರೆಗಳೇ.

ಸಿರೋಸಿಸ್ ಇದ್ದವರ ನಾಳಗಳು ಮೊದಲೇ ಸಡಿಲಾಗಿರುವುದರಿಂದ ಸಣ್ಣ ಸೋಂಕೂ ಅವರನ್ನು ಬೇಗ ಕೆಡವುತ್ತದೆ. ನಿಮ್ಮ ಮನೆಯಲ್ಲಿ ಅಂಥವರಿದ್ದು, ಜ್ವರ, ಹೊಟ್ಟೆನೋವು ಅಥವಾ ಮಂಕುತನ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಆಗಿಂದಾಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.